ತಜ್ಞರ ಸಲಹೆ

ಮಾರ್ಚ್ 4, ಸೋಮವಾರ, ಬೆಳಿಗ್ಗೆ 7.10

ಗಲ್ಲದ ಮೇಲೆ ಇನ್ನೂ ಮೂರು. ಎಡಗೆನ್ನೆಯದು ಹಣ್ಣಾಗಿದೆ. ಮುಟ್ಟಬಾರದು ಅಂದುಕೊಂಡೇ ಮುಟ್ಟಿದೆ. ವಯಸ್ಸು ಇಪ್ಪತ್ತೊಂಬತ್ತು. ಹದಿನೈದಕ್ಕೆ ಬಂದ ಮೊಡವೆ ಇನ್ನೂ ಬಿಡಾರ ಕಿತ್ತಿಲ್ಲ.

ಅಮ್ಮ ಬಾತ್‌ರೂಮಿನ ಹೊರಗಿಂದಲೇ ಶುರು ಮಾಡಿದಳು. "ಉಷ್ಣ ಕಣೇ ಅದು. ನೀರು ಕುಡಿ ಅಂದ್ರೆ ಕೇಳಲ್ಲ." ನಿನ್ನೆ ನಿದ್ದೆ ಸಾಲದು ಅಂದಿದ್ದಳು. ಮೊನ್ನೆ ದಿಂಬಿನ ಕವರ್. ಅಪ್ಪ ಪೇಪರಿನಿಂದ ತಲೆಯನ್ನೂ ಎತ್ತದೆ, "ಮದುವೆ ಆದ್ರೆ ಎಲ್ಲಾ ಹೋಗುತ್ತೆ ಬಿಡು." ಯಾರದ್ದು ಹೋಗಿದೆಯೋ ದೇವರೇ ಬಲ್ಲ.

ಶನಿವಾರ ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸು — ಹೆಸರು ಗೊತ್ತಿಲ್ಲ, ಗುರುತಿಲ್ಲ — "ಹೊಟ್ಟೆ ಕ್ಲೀನ್ ಇಲ್ವಾ ನಿಮಗೆ?" ಅಂತ ಕೇಳಿದಳು. ತುಂಬಿದ ಬಸ್ಸು. ಮೈಯೆಲ್ಲ ಉರಿದುಹೋಯಿತು. ಮುಖ ನನ್ನದು, ಅದರ ಮೇಲಿನ ಹಕ್ಕು ಮಾತ್ರ ಊರಿಗೆಲ್ಲ.

ದಿನಕ್ಕೆ ಐದು ಸಲ ಸೋಪು ಹಾಕಿ ತೊಳೆಯುತ್ತಿದ್ದೇನೆ. ಚರ್ಮ ಕಿತ್ತು ಬರುವುದೊಂದು ಬಾಕಿ.

ಮಾರ್ಚ್ 6, ಬುಧವಾರ, ಸಂಜೆ 6.30

ಪೇಪರಿನ ಶನಿವಾರದ ಪುರವಣಿಯ ಪುಟ ಕಟ್ಟಿ ಮುಗಿಸಿದೆ. ಕಣ್ಣು ಉರಿ. ಧಾರಾವಾಹಿ ಬರೆಯುವವರು ಈ ಸಲ ಮ್ಯಾಟರ್ ಕಡಿಮೆ ಕೊಟ್ಟಿದ್ದರು. ಎಂಟನೇ ಪುಟದ ಕೆಳಗೆ ಒಂಬತ್ತು ಸಾಲು ಜಾಗ ಖಾಲಿ. "ಪುಟ ಪ್ರಿಂಟಿಗೆ ಬಿಡೋಕೆ ಹತ್ತು ನಿಮಿಷ ಇದೆ. ಏನಾದ್ರೂ ತುಂಬಮ್ಮ" ಅಂದರು ಪುರವಣಿ ನೋಡಿಕೊಳ್ಳುವ ಸಾರ್. ಯಾವಾಗಲೂ ಅಷ್ಟೇ. ನನ್ನ ಕೆಲಸ ಪುಟ ಕಟ್ಟುವುದು, ಬರೆಯುವುದಲ್ಲ. ತೂತು ಬಿದ್ದಾಗ ಮಾತ್ರ ನಾನೂ ಬರಹಗಾರ್ತಿ.

ತಲೆಯಲ್ಲಿ ಇದ್ದದ್ದು ಮೊಡವೆ ಒಂದೇ. ನೆಟ್‌ನಲ್ಲಿ ಹುಡುಕಿದೆ. ಏಳು ಸೈಟಿನಲ್ಲಿ ಒಂದೇ ಮಾತು — ನಿಂಬೆರಸಕ್ಕೆ ಅಡುಗೆ ಸೋಡಾ ಕಲಸಿ ಹಚ್ಚಿ, ಅರ್ಧ ಗಂಟೆ ಬಿಟ್ಟು ತೊಳೆಯಿರಿ, ವಾರದಲ್ಲಿ ಮಾಯ. ಏಳು ಕಡೆ ಇದೆ ಅಂದ ಮೇಲೆ ಇರಬಹುದು. ಹಾಕಿದೆ. ಬಾಕ್ಸಿನ ತಲೆಯ ಮೇಲೆ 'ತಜ್ಞರ ಸಲಹೆ' ಅನ್ನುವ ಪಟ್ಟಿ ಮೊದಲೇ ಇತ್ತು. ಹೋದ ವಾರ ಹಲ್ಲಿನ ಡಾಕ್ಟರ್ ಬರೆದದ್ದಕ್ಕೆ ಹಾಕಿದ್ದು. ತೆಗೆದರೆ ಬೋಳು ಬೋಳು ಕಾಣುತ್ತಿತ್ತು, ಬಿಟ್ಟೆ. ಸರಿಯಾಗಿ ಒಂಬತ್ತು ಸಾಲು. ಸಾರ್ ಸಹಿ ಹಾಕಿದರು.

ಬಸ್ಸು ತಪ್ಪಿತು. ಥೂ.

ಮಾರ್ಚ್ 10, ಭಾನುವಾರ

ರಜೆಯೆಲ್ಲ ಫೋನ್ ಹಿಡಿದು ಕೂತದ್ದೇ ಬಂತು. ಒಬ್ಬ ಹಾಲು ಬಿಡು ಅನ್ನುತ್ತಾನೆ. ಇನ್ನೊಬ್ಬಳು ಹಾಲಿನಲ್ಲೇ ಮುಖ ತೊಳೆ ಅನ್ನುತ್ತಾಳೆ. ಎಣ್ಣೆಯೇ ಶತ್ರು ಅಂತ ಅರ್ಧ ಗಂಟೆ ಕೊರೆದವನ ವಿಡಿಯೋ ಕೆಳಗೆ ಅವನದ್ದೇ ಎಣ್ಣೆ ಮಾರಾಟಕ್ಕಿದೆ. ಬಿಳಿ ಕೋಟು ಹಾಕಿಕೊಂಡ ಒಬ್ಬ ಬಹಳ ಗಂಭೀರವಾಗಿ ಮಾತಾಡಿದ. ಹುಡುಕಿ ನೋಡಿದರೆ ಜಿಮ್ ಟ್ರೈನರ್! ಯಾರನ್ನು ನಂಬಿ ಸಾಯುವುದು?

ಸಂಜೆ ಮೆಡಿಕಲ್ ಶಾಪಿಗೆ ಹೋದೆ. ನಾನು ಬಾಯಿ ಬಿಡುವ ಮೊದಲೇ ಅಂಗಡಿಯವನು ಮುಖ ನೋಡಿ ಟ್ಯೂಬ್ ತೆಗೆದಿಟ್ಟ. "ಎರಡೇ ದಿನ ಮೇಡಂ. ಫಳಫಳ ಅನ್ನುತ್ತೆ." ಮನೆಗೆ ಬಂದು ಒಳಗಿನ ಚೀಟಿ ಬಿಡಿಸಿದೆ. ಇರುವೆಯಂಥ ಅಕ್ಷರ. ಸ್ಟೀರಾಯ್ಡ್. ಮೊಡವೆ ಇದ್ದರೆ ಹಚ್ಚಬೇಡಿ ಅಂತ ಅದರಲ್ಲೇ ಬರೆದಿದೆ. ಚಪ್ಪಲಿ ಹಾಕಿಕೊಂಡು ವಾಪಸ್ ಹೋದೆ. ಟ್ಯೂಬನ್ನು ಕೌಂಟರ್ ಮೇಲೆ ಕುಕ್ಕಿದೆ.

"ಇದನ್ನ ಓದಿದ್ದೀರಾ ನೀವು?"

"ಎಲ್ರೂ ತಗೊಂಡು ಹೋಗ್ತಾರೆ ಮೇಡಂ. ಇಲ್ಲಿವರೆಗೆ ಯಾರೂ ಕಂಪ್ಲೇಂಟ್ ಮಾಡಿಲ್ಲ."

ಬಾಯಿಗೆ ಬಂದದ್ದು ಅಂದು ಬಂದೆ. ಗೊತ್ತಿಲ್ಲದೆ ಇನ್ನೊಬ್ಬರಿಗೆ ಹೇಳುವವರ ನಾಲಿಗೆಗೆ ಬರೆ ಹಾಕಬೇಕು.

ಮಾರ್ಚ್ 19, ಮಂಗಳವಾರ, ಮಧ್ಯಾಹ್ನ 2

ಅಕ್ಕನ ಮನೆಯಿಂದ ಈಗ ಬಂದೆ. ಆಫೀಸಿಗೆ ಹೋಗಲಿಲ್ಲ. 

ಬೆಳಿಗ್ಗೆ ಅಕ್ಕನ ಫೋನು. "ಬೇಗ ಬಾ, ಗುಬ್ಬಿ ಮುಖ ನೋಡು." ಗುಬ್ಬಿ ಅವಳ ಮಗಳು, ಒಂಬತ್ತನೇ ಕ್ಲಾಸು, ಓಟದ ಟೀಮಿನಲ್ಲಿದ್ದಾಳೆ. ಟವೆಲ್ ಮುಚ್ಚಿಕೊಂಡು ಮೂಲೆಯಲ್ಲಿ ಕೂತಿದ್ದಳು. ತೆಗೆಸಿದೆ. ಎರಡು ಕೆನ್ನೆಯೂ ಕೆಂಪು. ಗಲ್ಲದವರೆಗೆ ಕಂದು ಪಟ್ಟೆ, ಏನೋ ಸೋರಿ ಇಳಿದ ದಾರಿಯಂತೆ. ಅಲ್ಲಲ್ಲಿ ಬೊಬ್ಬೆ ಒಡೆದು ನೀರು.

"ಏನು ಹಚ್ಕೊಂಡೆ?"

ವಿಜ್ಞಾನದ ನೋಟ್‌ಬುಕ್ಕಿನಿಂದ ಒಂದು ಕಟಿಂಗ್ ತೆಗೆದಳು. ಒಂಬತ್ತು ಸಾಲು.

"ದಿನಾ ಹಚ್ಚಿ, ತೊಳೆದು, ಪ್ರಾಕ್ಟೀಸಿಗೆ ಹೋಗ್ತಿದ್ದೆ ಚಿಕ್ಕಿ. ಉರೀತಿತ್ತು. ಉರಿದ್ರೆ ಕೆಲಸ ಮಾಡ್ತಿದೆ ಅಂದ್ಕೊಂಡೆ. ನೆಟ್‌ನಲ್ಲಿ ಇರೋದು ನಂಬಬೇಡ ಅಂತ ನೀನೇ ಹೇಳಿದ್ಯಲ್ಲ, ಅದಕ್ಕೇ ನಿಮ್ಮ ಪೇಪರ್ ನಂಬಿದೆ. ತಜ್ಞರ ಸಲಹೆ ಅಂತ ಬೇರೆ ಇತ್ತು."

ಅಕ್ಕ ಹಲ್ಲು ಕಡಿದಳು. "ಬರೆದವನು ನನ್ನ ಕೈಗೆ ಸಿಗಲಿ. ಅವನ ಮುಖಕ್ಕೂ ಇದನ್ನೇ ಬಳಿದು ಬಿಸಿಲಲ್ಲಿ ನಿಲ್ಲಿಸ್ತೀನಿ."

"ಯಾರು ಬರೆದಿದ್ದು ಅಂತ ಆಫೀಸಲ್ಲಿ ಕೇಳಿ ಹೇಳ್ತೀಯಾ ಚಿಕ್ಕಿ?"

ಕೇಳ್ತೀನಿ, ಅಂದೆ. ನಾಚಿಕೆಗೆಟ್ಟವಳು. ಕೇಳ್ತೀನಿ ಅಂದೆ!

ಮಾರ್ಚ್ 20, ಬುಧವಾರ

ಚರ್ಮದ ಡಾಕ್ಟರ್. ನಡುವಯಸ್ಸಿನ ಹೆಂಗಸು, ಸುಸ್ತಾದ ಕಣ್ಣು, ಮಾತು ಮಾತ್ರ ಖಡಕ್. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದದ್ದಕ್ಕೆ ಸುಟ್ಟಿದೆಯಂತೆ. ಸೋಡಾ ಚರ್ಮದ ಮೇಲ್ಪದರ ಹಾಳು ಮಾಡಿದೆ. ಮೊದಲು ಇದು ಮಾಯಬೇಕು, ಮೊಡವೆಗೆ ಔಷಧ ಆಮೇಲೆ. ಕಲೆ ಮಾಸಲು ತಿಂಗಳುಗಟ್ಟಲೆ ಹಿಡಿಯಬಹುದು.

"ನಾನು ಸರಿಯಾಗಿ ಮುಖ ತೊಳೀದೇ ಇರೋದಕ್ಕೆ ಮೊಡವೆ ಬಂತಾ ಡಾಕ್ಟರ್?" ಗುಬ್ಬಿ ಕೇಳಿದಳು.

"ಇಲ್ಲ ಪುಟ್ಟಾ. ಕೊಳಕಿನಿಂದ ಬರೋದಲ್ಲ ಇದು. ನಿನ್ನ ವಯಸ್ಸಿಗೆ ಹಾರ್ಮೋನ್ ಏರುತ್ತೆ, ಚರ್ಮ ಜಾಸ್ತಿ ಜಿಡ್ಡು ಬಿಡುತ್ತೆ. ಸತ್ತ ಚರ್ಮ ಅದಕ್ಕೆ ಸೇರ್ಕೊಂಡು ರಂಧ್ರ ಮುಚ್ಚುತ್ತೆ. ಒಳಗೆ ಬ್ಯಾಕ್ಟೀರಿಯಾ ಬೆಳೆದು ಊದ್ಕೊಳ್ಳುತ್ತೆ. ನಿನ್ನ ತಪ್ಪು ಏನೂ ಇಲ್ಲ. ಔಷಧಿ ಇದೆ. ಆದ್ರೆ ಎರಡು ದಿನದಲ್ಲಿ ಅಲ್ಲ, ಎರಡು ಮೂರು ತಿಂಗಳು ತಾಳ್ಮೆ ಬೇಕು."

ಹತ್ತೇ ನಿಮಿಷ. ಇಷ್ಟನ್ನು ಹೇಳುವವರು ಮನೆಯಿಂದ ನಾಲ್ಕು ಸ್ಟಾಪ್ ದೂರದಲ್ಲಿ ಕೂತಿದ್ದಾರೆ. ನಾನು ಹದಿನಾಲ್ಕು ವರ್ಷ ಫೋನ್ ಉಜ್ಜುತ್ತಾ, ಕಂಡಕಂಡವರ ಮಾತು ಕೇಳುತ್ತಾ ಕೂತಿದ್ದೆ. ಐದು ಸಲ ತೊಳೆಯುವ ವಿಷಯ ಕೇಳಿದೆ. "ಎರಡು ಸಲ ಸಾಕು. ಉಜ್ಜಬೇಡಿ. ನಿಮಗೂ ಚೀಟಿ ಬರೀತೀನಿ, ಕೂತ್ಕೊಳ್ಳಿ" ಅಂದರು.

ಕೊನೆಗೆ ಆ ಕಟಿಂಗ್ ಎತ್ತಿ ಓದಿದರು. "ಯಾವ ತಜ್ಞ ಇವನು? ಹೆಸರೇ ಇಲ್ವಲ್ಲ." ಗೋಡೆ ಮೇಲಿನ ಚಾರ್ಟ್ ನೋಡುತ್ತಾ ಕೂತೆ.

ಮಾರ್ಚ್ 21, ಗುರುವಾರ, ಬೆಳಿಗ್ಗೆ 11

ಆಫೀಸಿಗೆ ಬಂದು ಮೊದಲು ನೆಟ್ ನೋಡಿದೆ. ಈಗ ಎಂಟು ಸೈಟು. ಎಂಟನೆಯದರಲ್ಲಿ ನನ್ನವೇ ಒಂಬತ್ತು ಸಾಲು. ಕೆಳಗೆ ನಮ್ಮ ಪೇಪರ್ ಹೆಸರು, 'ತಜ್ಞರೇ ದೃಢಪಡಿಸಿದ್ದಾರೆ' ಅಂತ. ಇವರಿಂದ ನಾನು ಕದ್ದೆ, ನನ್ನಿಂದ ಇವರು ಕದ್ದರು. ನಾಳೆ ಯಾರೋ ಹುಡುಕಿದಾಗ ಎಂಟು ಕಡೆ ಇದೆ ಅಂತ ನಂಬುತ್ತಾರೆ.

ಫೋನ್ ಹಿಡಿದು ಸಾರ್ ಮುಂದೆ ನಿಂತೆ. ತಿದ್ದುಪಡಿ ಹಾಕಬೇಕು ಅಂದೆ.

"ಜಾಗ ತುಂಬೋ ಫಿಲ್ಲರ್ ಅಮ್ಮ ಅದು. ಯಾರು ಓದ್ತಾರೆ?"

"ನಮ್ಮ ಅಕ್ಕನ ಮಗಳು ಓದಿದ್ಲು. ಮುಖ ಸುಟ್ಕೊಂಡಿದ್ದಾಳೆ."

ಸಾರ್ ನನ್ನ ಫೋನ್ ಇಸಿದುಕೊಂಡು ಓದಿದರು. "ಬರೆದಿದ್ದು ಯಾರು?"

"ನಾನು. ಸಹಿ ಹಾಕಿದ್ದು ನೀವು."

"ಸರಿ ಸರಿ. ನೋಡೋಣ."

ಈ ನೋಡೋಣ ಅನ್ನುವ ಮಾತು ಕೇಳಿದರೆ ನನ್ನ ರಕ್ತ ಕುದಿಯುತ್ತದೆ. ಏನು ನೋಡುವುದು? ಇನ್ನೆಷ್ಟು ಮುಖ?

ಮಾರ್ಚ್ 27, ಬುಧವಾರ, ಸಂಜೆ 7

ತಿದ್ದುಪಡಿ ಹಾಕಿಸಿದೆ. ಗಂಟಲು ಬಿದ್ದುಹೋಗಿದೆ.

ಮಧ್ಯಾಹ್ನವೇ ಬರೆದು ಡಾಕ್ಟರಿಗೆ ಫೋನಿನಲ್ಲಿ ಓದಿ ಹೇಳಿದ್ದೆ. ಅವರು ಎರಡು ಕಡೆ ತಿದ್ದಿಸಿದರು, ತಮ್ಮ ಹೆಸರು ಹಾಕಲು ಒಪ್ಪಿದರು. ಸಾರ್ ಕೈಗೆ ಕೊಟ್ಟೆ. 'ತಪ್ಪು ನಮ್ಮದು' ಅಂತ ಬರೆದದ್ದನ್ನು ಹೊಡೆದುಹಾಕಿ 'ಓದುಗರು ಎಚ್ಚರ ವಹಿಸಬೇಕು' ಅಂತ ಮಾಡಿ ವಾಪಸ್ ಕಳಿಸಿದರು. ಓದುಗರು!

ಇಡೀ ಡೆಸ್ಕ್ ತಿರುಗಿ ನೋಡುವ ಹಾಗೆ ಕೂಗಾಡಿದೆ. "ಅವಳು ಎಚ್ಚರ ವಹಿಸಿದ್ಲು ಸಾರ್. ನೆಟ್ ಬಿಟ್ಟು ನಮ್ಮನ್ನ ನಂಬಿದ್ಲು. ಎಚ್ಚರ ತಪ್ಪಿದ್ದು ನಾವು."

ಸಾರ್ ಪೆನ್ನು ಮೇಜಿನ ಮೇಲೆ ಎಸೆದರು. "ನಮ್ಮದು ಅಂತಾನೇ ಇರಲಿ. ನಿನ್ನ ಹೆಸರೂ ಹಾಕ್ಲಾ, ಹೇಳು?"

ಅಲ್ಲಿಯವರೆಗೆ ಬೆಂಕಿ ಉಗುಳುತ್ತಿದ್ದವಳು ತುಟಿ ಪಿಟಕ್ ಅನ್ನಲಿಲ್ಲ. ಪುಟ ಪ್ರಿಂಟಿಗೆ ಹೋಯಿತು. ತಪ್ಪು ನಮ್ಮದು. ಎಷ್ಟು ಜನ ಬೇಕಾದರೂ ಅಡಗಿ ಕೂರಬಹುದು ಆ ಮಾತಿನ ಹಿಂದೆ.

ಮಾರ್ಚ್ 30, ಶನಿವಾರ, ಸಂಜೆ 5

ಗುಬ್ಬಿ ಬೆಳಿಗ್ಗೆಯೇ ಬಂದಿದ್ದಳು, ಪುರವಣಿ ಹಿಡಿದುಕೊಂಡು. ಬಿಸಿಲು ತಾಗಬಾರದು ಅಂತ ದೊಡ್ಡ ಕ್ಯಾಪು. ಬೊಬ್ಬೆ ಒಣಗಿವೆ. ಪಟ್ಟೆ ಇನ್ನೂ ಕಪ್ಪಾಗಿದೆ.

"ಹಾಕಿಸೇಬಿಟ್ಯಲ್ಲ ಚಿಕ್ಕಿ! ಜಗಳ ಆಡಿದ್ಯಾ?" ಎಷ್ಟು ಹೆಮ್ಮೆ ಅವಳ ದನಿಯಲ್ಲಿ. ತಡೆಯಲಾಗಲಿಲ್ಲ ನನಗೆ. ಅವಳು ಮುಂದುವರಿಸಿದಳು. "ಅದನ್ನ ಬರೆದವರು ಯಾರು, ಗೊತ್ತಾಯ್ತಾ?"

ನಾನೇ, ಅಂದೆ.

ಎಲ್ಲ ಹೇಳಿದೆ. ಜಾಗ ಖಾಲಿ ಇತ್ತು, ಹತ್ತು ನಿಮಿಷ ಇತ್ತು, ಏಳು ಸೈಟು ನೋಡಿದೆ, ಪಟ್ಟಿ ಮೊದಲೇ ಇತ್ತು... ಒಂದೇ ಉಸಿರಿನಲ್ಲಿ. ಕಿರುಚುತ್ತಾಳೆ ಅಂದುಕೊಂಡೆ. ಕಿರುಚಿದ್ದರೆ ಒಳ್ಳೆಯದಿತ್ತು, ಅದು ನನಗೆ ಅಭ್ಯಾಸ. ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಕೇಳಿದಳು.

"ಅದನ್ನ ನೀನು ಹಚ್ಕೊಂಡು ನೋಡಿದ್ಯಾ?"

"ಇಲ್ಲ."

"ನಿಂಗೂ ಮೊಡವೆ ಇದ್ಯಲ್ಲ. ಯಾಕೆ ಹಚ್ಕೊಳ್ಳಲಿಲ್ಲ?"

 ಒಂದು ನಿಮಿಷ ಕಾದಳು. ಕ್ಯಾಪು ಸರಿ ಮಾಡಿಕೊಂಡು ಎದ್ದು ಹೋದಳು. ಬಾಗಿಲನ್ನು ಮೆತ್ತಗೇ ಹಾಕಿಕೊಂಡಳು.

ಆಗಿನಿಂದ ಇಲ್ಲೇ ಕೂತಿದ್ದೇನೆ. ಉತ್ತರ ಗೊತ್ತಿಲ್ಲ ಅಂತಲ್ಲ. ಚೆನ್ನಾಗಿ ಗೊತ್ತು. ಹಚ್ಚಿಕೊಳ್ಳಲಿಲ್ಲ, ಯಾಕೆ ಅಂದರೆ ನನ್ನ ಮುಖಕ್ಕೆ ಏನಾದರೂ ಆಗಿಬಿಟ್ಟರೆ ಅಂತ —