ನಿಲ್ಲು ಎಂಬ ಹೆಸರು

ಜನವರಿ 14, ಮಂಗಳವಾರ

ಬೆಳಿಗ್ಗೆ ಜ್ಞಾನಸ್ನಾನದ ಎರಡು ಟವೆಲ್‌ಗೆ ಹೆಸರಿನ ಕಸೂತಿ ಮುಗಿಯಿತು. ಒಂದಕ್ಕೆ ‘ಅರಿಯಾದ್ನಿ’, ಇನ್ನೊಂದಕ್ಕೆ ‘ಫಿಲಿಪ್ಪೋಸ್’. ನಮ್ಮ ಗ್ರೀಕಿನ ಆ ‘ಫಿ’ ಅಕ್ಷರ ಎಷ್ಟು ಸಲ ಹೊಲಿದರೂ ಹೊಟ್ಟೆ ಉಬ್ಬಿದ ಹಾಗೇ ಬರುತ್ತದೆ. ಗಿರಾಕಿ ಹೆಂಗಸು ಆ ಹೆಸರಿನ ಅರ್ಥ ಕೇಳಿದಳು. ಕುದುರೆ ಪ್ರೀತಿಸುವವನು ಎಂದೆ. “ನಮ್ಮನೇಲಿ ಇರೋದು ಸ್ಕೂಟರ್ ಒಂದೇ” ಎಂದಳು.

ಈ ಅಂಗಡಿಗೆ ಮೂವತ್ತೊಂದು ವರ್ಷ. ನಮ್ಮ ಖಿಯೋಸ್ ದ್ವೀಪದ ಅರ್ಧ ಮಕ್ಕಳು ನನ್ನ ಬಟ್ಟೆಯಲ್ಲೇ ಜ್ಞಾನಸ್ನಾನ ಮಾಡಿಸಿಕೊಂಡಿದ್ದಾರೆ. ಎಲ್ಲ ಹೆಸರೂ ಹೊಲಿದಿದ್ದೇನೆ, ನನ್ನದೊಂದು ಬಿಟ್ಟು. ಯಾರೂ ಕೇಳಲಿಲ್ಲ. ಬೋರ್ಡಿನ ಮೇಲೆ ‘ತೂಲಾ’ ಅಂತ ಇದೆ. ಅದು ಯಾವ ಹೆಸರಿನ ಮುದ್ದಿನ ಬಾಲ ಅಂತಲೂ ಯಾರೂ ಕೇಳಲಿಲ್ಲ. ಒಳ್ಳೆಯದೇ ಆಯಿತು.

ಮಧ್ಯಾಹ್ನ ಮಗ ಇಸಿದೋರೋಸ್ ತನ್ನ ಕೆಲಸದ ಹಡಗಿನಿಂದ ಫೋನ್ ಮಾಡಿದ್ದ. ಸೊಸೆಯ ಸ್ಕ್ಯಾನ್ ಆಯಿತಂತೆ. ಹೆಣ್ಣು.

“ಅಮ್ಮ, ನಿನ್ನ ಹೆಸರೇ ಇಡೋದು.”

ನೆಟ್‌ವರ್ಕ್ ಇಲ್ಲ, ಕೇಳಿಸ್ತಿಲ್ಲ ಎಂದು ಇಟ್ಟುಬಿಟ್ಟೆ. ಚೆನ್ನಾಗಿಯೇ ಕೇಳಿಸಿತ್ತು.

ಜನವರಿ 16

ಸೊಸೆ ಬಂದಿದ್ದಳು, ಶಾಲೆ ಮುಗಿಸಿಕೊಂಡು, ಒಂದು ಚೀಲ ಕಿತ್ತಳೆ ಹೊತ್ತು. ಆರು ತಿಂಗಳ ಬಸುರಿ ಹೊರುವ ಚೀಲವಲ್ಲ ಅದು. ಬೈದೆ. ನಕ್ಕಳು.

“ಅತ್ತೆ, ನಮ್ಮಮ್ಮನ ಹೆಸರು ಅಕ್ಕನ ಮಗಳಿಗೆ ಹೋಯ್ತು. ಈಗ ನಿಮ್ಮ ಸರದಿ.”

“ಬೇಡ ಮಾರ್ಕೆಲ್ಲಾ.”

“ಯಾಕೆ?”

ಹೇಳಿದೆ. ಯಾರಿಗೂ ಇಷ್ಟು ಉದ್ದಕ್ಕೆ ಹೇಳಿರಲಿಲ್ಲ. ಅಪ್ಪನಿಗೆ ಗಂಡು ಬೇಕಿತ್ತು. ಸಾಲಾಗಿ ಮೂರು ಹೆಣ್ಣು. ನಾಲ್ಕನೆಯದು ನಾನು. ಆಗ ಸ್ತಮಾತಾ ಎಂದಿಟ್ಟರು. ನಿಲ್ಲು ಅಂತ. ಸಾಕು, ಇನ್ನು ಹೆಣ್ಣು ಬೇಡ ಅಂತ. ನನ್ನ ಹಿಂದೆ ಮಿಖಾಲಿಸ್ ಹುಟ್ಟಿದ. ‘ಹೆಸರು ಕೆಲಸ ಮಾಡಿತು’ ಎಂದು ಅಪ್ಪ ಕಾಫಿ ಅಂಗಡಿಯಲ್ಲಿ ಹೇಳಿ ಹೇಳಿ ನಗಿಸುತ್ತಿದ್ದ. ಶಾಲೆಯಲ್ಲಿ ಮೇಷ್ಟ್ರು ‘ಸ್ತಮಾತಾ’ ಎಂದು ಯಾರನ್ನು ಗದರಿಸಿದರೂ ಇಡೀ ಕ್ಲಾಸು ನನ್ನ ಕಡೆ ತಿರುಗುತ್ತಿತ್ತು. ರಸ್ತೆಯಲ್ಲಿ ‘ನಿಲ್ಲು’ ಅನ್ನುವ ಕೆಂಪು ಬೋರ್ಡು ಕಂಡರೆ ಹುಡುಗರು ‘ನಿನ್ನ ಫೋಟೋ ಹಾಕಿದ್ದಾರೆ ನೋಡೇ’ ಅನ್ನುತ್ತಿದ್ದರು.

ಮಾರ್ಕೆಲ್ಲಾ ಕಿತ್ತಳೆ ಸುಲಿದಳು. ಅರ್ಧ ನನಗೆ ಕೊಟ್ಟಳು.

“ಆದ್ರೂ ನಂಗೆ ಇಷ್ಟ” ಎಂದಳು.

ಜನವರಿ 23

ನನ್ನ ಟೀಚರ್ ಸೊಸೆ ಬಿಡುವವಳಲ್ಲ. ದಿನಕ್ಕೊಂದು ಮೆಸೇಜ್.

ನಿನ್ನೆಯದು: ಸ್ತಮಾತಾ ರೆವಿಥಿ. 1896, ಮೊದಲ ಒಲಿಂಪಿಕ್ಸ್. ಬಡ ಹೆಂಗಸು, ಕಂಕುಳಲ್ಲಿ ಕೂಸು, ಕೆಲಸ ಹುಡುಕಿಕೊಂಡು ಅಥೆನ್ಸಿಗೆ ಹೊರಟಿದ್ದಳು. ಮ್ಯಾರಥಾನ್ ಓಡುತ್ತೇನೆ ಎಂದಳು. ಹೆಂಗಸರಿಗೆ ಇಲ್ಲ ಎಂದರು. ಮಾರನೆಯ ದಿನ ಒಬ್ಬಳೇ ಅದೇ ದಾರಿಯಲ್ಲಿ ಓಡಿದಳು. ಸ್ಟೇಡಿಯಂ ಒಳಗೆ ಬಿಡಲಿಲ್ಲವಂತೆ. ಆಮೇಲೆ ಏನಾದಳೋ ಯಾರಿಗೂ ತಿಳಿಯದು.

ಇವತ್ತಿನದು: ಇಲ್ಲೇ ನಮ್ಮ ವ್ರೊಂದಾದೋಸ್ ಊರಿನ ವಿಜ್ಞಾನಿ ಸ್ತಮಾತಿಸ್ ಕ್ರಿಮಿಜಿಸ್, ನನ್ನದೇ ಹೆಸರಿನ ಗಂಡು ರೂಪ. ಅವರು ಮಾಡಿದ ಯಂತ್ರ ಹೊತ್ತ ನೌಕೆ ಸೌರಮಂಡಲ ದಾಟಿ ಹೋಗಿದೆ, ಇನ್ನೂ ಹೋಗುತ್ತಲೇ ಇದೆ. ಕೆಳಗೆ ಅವಳದೇ ಸಾಲು: ‘ನೋಡಿ ಅತ್ತೆ, ಈ ಹೆಸರಿನವರು ಯಾರೂ ನಿಂತಿಲ್ಲ.’

ನಗು ಬಂತು.

ಜನವರಿ 30

ಗೆದ್ದೆ. ಇಸಿದೋರೋಸ್ ರಜೆಯಲ್ಲಿ ಬಂದಿದ್ದ. ಕೂರಿಸಿ ಹೇಳಿದೆ. ನನ್ನ ಮೇಲೆ ಪ್ರೀತಿ ಇದ್ದರೆ ಆ ಹೆಸರು ಬೇಡ. ಮುಖ ಸಣ್ಣದಾಯಿತು. ಕೊನೆಗೆ ‘ನೆಫೆಲಿ’ ಎಂದು ಒಪ್ಪಿದರು. ಮೋಡ ಅಂತ. ಮೆತ್ತಗಿದೆ. ಹೊಲಿಯಲೂ ಸುಲಭ.

ಫೆಬ್ರವರಿ 3, ಸೋಮವಾರ

ನನ್ನ ಹೆಸರಿನ ಸಂತನ ಹಬ್ಬ. ಸಂತ ಸ್ತಮಾತಿಯೋಸ್ ಸ್ಪೆತ್ಸೆಸ್ ದ್ವೀಪದ ನಾವಿಕ ಹುಡುಗ. ತುರ್ಕರು ಧರ್ಮ ಬಿಡು ಅಂದರೆ ಬಿಡಲಿಲ್ಲ, ನಮ್ಮ ಈ ಊರಿನಲ್ಲೇ ತಲೆ ಕೊಟ್ಟ. ಬೆಳಿಗ್ಗೆ ಒಂದು ಮೇಣದಬತ್ತಿ ಹಚ್ಚಿ, ಮೆಸ್ತಾ ಹಳ್ಳಿಗೆ ಅಮ್ಮನ ಹತ್ತಿರ ಹೋದೆ.

ಅಮ್ಮ ಕಿಟಕಿ ಪಕ್ಕ ಮಾಸ್ತಿಕಾ ಮರದ ಅಂಟು ಶುಚಿ ಮಾಡುತ್ತಿದ್ದಳು. ಎಂಬತ್ತಾರು ವರ್ಷ, ಚಾಕು ನಡುಗುವುದಿಲ್ಲ. ಹರಳಿಗೆ ಅಂಟಿದ ಮಣ್ಣು, ಎಲೆ, ಎಲ್ಲ ಕೆರೆದು ತಟ್ಟೆಗೆ. ಪಕ್ಕದ ಮನೆಯವಳೂ ಕೂತಿದ್ದಳು. ಹಬ್ಬಕ್ಕೆಂದು ನನಗೆ ಒಂದು ಚಮಚ ಸಿಹಿ, ತಣ್ಣೀರು ಕೊಟ್ಟರು. ಹೆಸರಿನ ವಿಷಯ ಹೇಳಿದೆ, ಖುಷಿಯಿಂದಲೇ.

ಅಮ್ಮನ ಚಾಕು ನಿಂತಿತು.

“ನೆಫೆಲಿ” ಎಂದಳು. “ಮೋಡ ಬರತ್ತೆ, ಹೋಗತ್ತೆ.”

ಆಮೇಲೆ ನಾನು ಹೊರಡುವವರೆಗೂ ತಲೆ ಎತ್ತದೆ ಅಂಟು ಕೆರೆದಳು. ಮುದುಕಿಗೆ ಸಂಪ್ರದಾಯ ತಪ್ಪಿತೆಂದು ಕೋಪ ಇರಬೇಕು.

ಫೆಬ್ರವರಿ 9, ಭಾನುವಾರ

ಅಮ್ಮ ತಾನಾಗಿ ಫೋನ್ ಮಾಡುವವಳಲ್ಲ. ಮಾಡಿದಳು. “ಒಬ್ಬಳೇ ಬಾ” ಎಂದಳು. ಹೋದೆ.

ಹೇಳಿದ್ದನ್ನು ಹೇಳಿದ ಹಾಗೇ ಬರೆದಿಡುತ್ತೇನೆ.

“ನಿನ್ನ ಹೆಸರು ನಿಮ್ಮಪ್ಪ ಇಟ್ಟಿದ್ದಲ್ಲ ಕಣೇ. ಅವನು ಹಡಗಲ್ಲಿದ್ದ. ನಾನಿಟ್ಟೆ. ನಿನಗೂ ನಿನ್ನ ಮೂರನೇ ಅಕ್ಕನಿಗೂ ಮಧ್ಯೆ ಇಬ್ಬರಿದ್ರು. ವಾಸಿಲಿಕಿ ಅಂತ. ಹನ್ನೊಂದು ತಿಂಗಳು. ಗೋಡೆ ಹಿಡ್ಕೊಂಡು ನಡೀತಿದ್ಲು. ಕೆಮ್ಮು ಬಂತು, ಹೋದ್ಲು. ಆಮೇಲೆ ಗಂಡು. ನಾಲ್ಕು ದಿನ. ಹೆಸರಿಡೋಕೂ ಆಗ್ಲಿಲ್ಲ. ಆಮೇಲೆ ನೀನು. ಪಾದ್ರಿ ಹೆಸರು ಕೇಳಿದ್ರು. ಸ್ತಮಾತಾ ಅಂದೆ. ಸಾವು ನಿಲ್ಲಲಿ, ಇದೊಂದು ಮಗು ನಿಲ್ಲಲಿ ಅಂತ. ನಿಂತೆ ನೀನು.”

ಮತ್ತೆ ಅಪ್ಪ ಹೇಳುತ್ತಿದ್ದದ್ದು ಎಂದು ಕೇಳಿದೆ.

“ತಮಾಷೆ ಮಾಡ್ತಿದ್ದ. ತಮಾಷೆ ಮಾಡಿದ್ರೆ ಅವನಿಗೆ ಅಳು ಬರ್ತಿರ್ಲಿಲ್ಲ. ಮಾಡ್ಕೊಳ್ಳಲಿ ಅಂತ ಬಿಟ್ಟೆ.”

“ಮತ್ತೆ ನಾನು? ನಂಗೆ ಹೇಳ್ಬೋದಿತ್ತಲ್ಲ ಅಮ್ಮ. ಐವತ್ತೆಂಟು ವರ್ಷ.”

ಕಿಟಕಿಯ ಕಡೆ ತಿರುಗಿದಳು.

“ನಿನಗೆ ಹೇಳಬೇಕಂದ್ರೆ ಅವರ ವಿಷಯ ಬಾಯಲ್ಲಿ ಬರ್ಬೇಕಿತ್ತು. ಬರ್ಲಿಲ್ಲ. ನೀನು ಹೇಗೂ ಇದ್ದೆಯಲ್ಲ. ಇರೋರ ಬಗ್ಗೆ ಯಾರು ಯೋಚನೆ ಮಾಡ್ತಾರೆ.”

ಫೆಬ್ರವರಿ 10

ಸಿಟ್ಟು. ಅಮ್ಮನ ಮೇಲೆ, ಸತ್ತ ಅಪ್ಪನ ಮೇಲೂ. ಸೂಜಿ ಮೂರು ಸಲ ಚುಚ್ಚಿಕೊಂಡೆ.

ಫೆಬ್ರವರಿ 12

ಆ ನಾಲ್ಕು ದಿನದ ಹುಡುಗನಿಗೆ ಈಗ ಅರವತ್ತು ಆಗಿರುತ್ತಿತ್ತು. ಸುಮ್ಮನೆ ಲೆಕ್ಕ ಹಾಕಿದೆ. ಮಾರ್ಕೆಲ್ಲಾಗೆ ಹೇಳಬೇಕೇ? ಬೇಡ. ನೆಫೆಲಿ ಎಂದು ತೀರ್ಮಾನ ಆಗಿದೆ. ಹೊಟ್ಟೆಯಲ್ಲಿರುವವಳಿಗೆ ಸತ್ತವರ ಕಥೆ ಯಾಕೆ.

ಫೆಬ್ರವರಿ 21, ಬೆಳಿಗ್ಗೆ

ನಿನ್ನೆಯದನ್ನು ಬರೆಯಬೇಕು. ಬರೆಯುವುದು ಕಷ್ಟ, ಬರೆಯದಿದ್ದರೆ ಇನ್ನೂ ಕಷ್ಟ.

ಮಾರ್ಕೆಲ್ಲಾಗೆ ಶಾಲೆಯಲ್ಲೇ ನೋವು ಬಂತು. ಏಳನೇ ತಿಂಗಳು. ಆಪರೇಷನ್ ಮಾಡಿ ಹನ್ನೆರಡೂವರೆಗೆ ಮಗುವನ್ನು ತೆಗೆದರು. ಒಂದು ಕೆಜಿ ನೂರ ಐವತ್ತು ಗ್ರಾಂ. ಅಥೆನ್ಸಿಗೆ ಕಳಿಸಬೇಕು ಎಂದರು ಡಾಕ್ಟರ್. ಆದರೆ ಗಾಳಿ. ಎರಡು ದಿನದಿಂದ ಹಡಗುಗಳೆಲ್ಲ ಕಟ್ಟಿ ನಿಂತಿವೆ. ಇಸಿದೋರೋಸ್ ಪಿರೇಯಸ್ ಬಂದರಿನಲ್ಲಿ ಸಿಕ್ಕಿಬಿದ್ದಿದ್ದಾನೆ. ಗಾಳಿ ಇಳಿಯುವವರೆಗೆ ಹೆಲಿಕಾಪ್ಟರೂ ಇಲ್ಲ. ಡಾಕ್ಟರ್ ಸುಳ್ಳು ಹೇಳಲಿಲ್ಲ. ಉಸಿರಾಟ ಕಷ್ಟವಿದೆ, ಕಾಯೋಣ ಎಂದರು.

ನನ್ನ ವಯಸ್ಸಿನ ನರ್ಸ್ ಒಬ್ಬಳು ತೋಳು ಹಿಡಿದು ಪಕ್ಕಕ್ಕೆ ಕರೆದಳು.

“ಪಾದ್ರಿ ಬರೋದು ತಡ ಆಗತ್ತಂತೆ ಅಕ್ಕ. ಕಾಯೋದಾದ್ರೆ ಕಾಯಿರಿ. ಇಲ್ಲಾಂದ್ರೆ ಜ್ಞಾನಸ್ನಾನ ನೀವೇ ಮಾಡ್ಬೋದು, ಮಗು ಹೆಸರಿಲ್ಲದೆ ಹೋಗ್ಬಾರ್ದು. ನೀರು ಬೇಡ, ಗಾಳಿಯಲ್ಲಿ ಮೂರು ಸಲ ಎತ್ತಿ ಹೆಸರು ಹೇಳಿದ್ರೆ ಸಾಕು. ನಾನೂ ಮಾಡಿದ್ದೀನಿ, ಎರಡು ಸಲ.”

ಆ ಎರಡೂ ಮಕ್ಕಳು ಏನಾದವೆಂದು ಕೇಳಲಿಲ್ಲ.

ಮಾರ್ಕೆಲ್ಲಾ ಅರೆ ಎಚ್ಚರದಲ್ಲಿದ್ದಳು. ಕೇಳಿದೆ. “ನೀವೇ ಹೋಗಿ ಅತ್ತೆ” ಎಂದಳು. “ಬೇರೆ ಯಾರೂ ಬೇಡ.”

ಗೌನು, ಟೋಪಿ, ಮಾಸ್ಕ್ ಹಾಕಿಸಿ ಕೈ ತೊಳೆಸಿದರು. ಗಾಜಿನ ಪೆಟ್ಟಿಗೆ. ತೊಡೆ ನನ್ನ ಬೆರಳಿನಷ್ಟೇ. ಎದೆ ಗುಬ್ಬಚ್ಚಿಯದರ ಹಾಗೆ ಏರುತ್ತದೆ, ಇಳಿಯುತ್ತದೆ, ಒಮ್ಮೆ ತಡೆಯುತ್ತದೆ, ಮತ್ತೆ ಏರುತ್ತದೆ. ಪಕ್ಕದ ಕಿಂಡಿಗಳಿಂದ ಕೈ ಒಳಗೆ ಹಾಕಿದೆ. ನರ್ಸ್ ಒಂದು ಕೈಯಲ್ಲಿ ಉಸಿರಿನ ನಳಿಗೆ ಹಿಡಿದುಕೊಂಡಳು. ನನ್ನ ಅಂಗೈ ಕೆಳಗೆ ಅವಳ ಇನ್ನೊಂದು ಅಂಗೈ. ನಾಲ್ಕು ಬೆರಳು ಎತ್ತರಕ್ಕೆ ಎತ್ತಿದೆವು.

“ಹೆಸರು?” ಎಂದು ಪಿಸುಗುಟ್ಟಿದಳು.

ನೆಫೆಲಿ ಎಂದು ಬಾಯಿ ತೆರೆದೆ. ಬರಲಿಲ್ಲ. ದೇವರಾಣೆಗೂ ಬರಲಿಲ್ಲ. ಮಗುವಿನ ಎದೆ ಮತ್ತೆ ತಡೆದಿತ್ತು.

‘ದೇವರ ಸೇವಕಿ ಸ್ತಮಾತಾ’ ಎಂದೆ. ತಂದೆಯ ಹೆಸರಿನಲ್ಲಿ. ಎತ್ತಿದೆವು. ಮಗನ ಹೆಸರಿನಲ್ಲಿ. ಎತ್ತಿದೆವು. ಪವಿತ್ರಾತ್ಮನ ಹೆಸರಿನಲ್ಲಿ. ನನ್ನ ಜೀವನದಲ್ಲಿ ಆ ಹೆಸರನ್ನು ಅಷ್ಟು ಗಟ್ಟಿಯಾಗಿ ಹೇಳಿದವಳಲ್ಲ. ಹೇಳಿದ್ದಲ್ಲ, ಕೇಳಿಕೊಂಡದ್ದು. ಅಮ್ಮ ಪಾದ್ರಿಯ ಮುಂದೆ ನಿಂತು ಹೇಗೆ ಹೇಳಿರಬೇಕೆಂದು ಆಗ ತಿಳಿಯಿತು.

ಸಂಜೆ ಐದಕ್ಕೆ ಗಾಳಿ ಸ್ವಲ್ಪ ಇಳಿಯಿತು. ಹೆಲಿಕಾಪ್ಟರ್ ಬಂತು. ಮಗುವನ್ನು ಅಥೆನ್ಸಿಗೆ ಕರೆದುಕೊಂಡು ಹೋದರು.

ಮಾರ್ಕೆಲ್ಲಾಗೆ ಹೇಳಿದೆ. “ತಪ್ಪು ಮಾಡಿದೆ ಮಗಳೇ. ಬೇರೆ ಹೆಸರು ಹೇಳಿಬಿಟ್ಟೆ.”

“ಯಾವ್ದು?”

ಹೇಳಿದೆ. ಅಮ್ಮ ಹೇಳಿದ್ದನ್ನೂ ಹೇಳಿದೆ, ವಾಸಿಲಿಕಿಯನ್ನೂ, ಆ ಹುಡುಗನನ್ನೂ. ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಅತ್ತಳು. ಅಳುವಿನ ನಡುವೆ, “ನಾನು ಮೊದಲೇ ಹೇಳಿರ್ಲಿಲ್ವಾ ಅತ್ತೆ.”

ಮಾರ್ಚ್ 2

ನಳಿಗೆ ಇನ್ನೂ ಇದೆ.

ಮಾರ್ಚ್ 11

ಮಾರ್ಕೆಲ್ಲಾ ಅಥೆನ್ಸ್ ತಲುಪಿ ಹತ್ತು ದಿನ. ದಿನವೂ ಫೋಟೋ. ಇವತ್ತು ನಳಿಗೆ ಇಲ್ಲದ ಮುಖ. ಮೂಗು ನಮ್ಮ ಮನೆಯದೇ, ಪಾಪ.

ಮಾರ್ಚ್ 25

ರಾಷ್ಟ್ರೀಯ ಹಬ್ಬ. ಮೆರವಣಿಗೆ ನೋಡಲಿಲ್ಲ. ಅಮ್ಮನ ಜೊತೆ ಮೆಸ್ತಾದಲ್ಲಿ ಕರಿದ ಮೀನು, ಬೆಳ್ಳುಳ್ಳಿ ಚಟ್ನಿ. ಊಟವಾದ ಮೇಲೆ ಸ್ಮಶಾನಕ್ಕೆ ಹೋದೆವು, ಅವಳೇ ಕೇಳಿದಳು. ಸೈಪ್ರೆಸ್ ಮರದ ಬುಡದಲ್ಲಿ, ಕಲ್ಲಿಲ್ಲದ ಜಾಗ, ಕೋಲಿನಿಂದ ತೋರಿಸಿದಳು. “ಇಲ್ಲಿ. ಇಬ್ಬರೂ.” ನಾನು ಅಲ್ಲಿ ಎಷ್ಟು ಸಲ ನಡೆದಾಡಿದ್ದೇನೋ.

ಸಿಟ್ಟು ಪೂರ್ತಿ ಹೋಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಅವಳ ಕೈ ಹಿಡಿದುಕೊಂಡೇ ವಾಪಸು ಬಂದೆ.

ಏಪ್ರಿಲ್ 20, ಈಸ್ಟರ್

ಎರಡು ಕೆಜಿ ದಾಟಿದಳು. ಬರುವ ಶುಕ್ರವಾರ ಆಸ್ಪತ್ರೆಯಿಂದ ಬಿಡುತ್ತಾರಂತೆ. ಇಸಿದೋರೋಸ್ ಹೇಳಿದ, ಡಾಕ್ಟರ್ ಅವಳಿಗೆ ‘ಹಟಮಾರಿ’ ಎಂದು ಹೆಸರಿಟ್ಟಿದ್ದಾರೆ.

ಏಪ್ರಿಲ್ 26, ಶನಿವಾರ, ಮಧ್ಯಾಹ್ನ

ತಮ್ಮ ಮಿಖಾಲಿಸ್ ಕಾರು ತೆಗೆದುಕೊಂಡು ಬಂದರಿಗೆ ಹೋಗಿ ಒಂದು ಗಂಟೆ. ಅಮ್ಮನನ್ನು ನಿನ್ನೆಯೇ ಕರೆತಂದಿದ್ದೇನೆ. ಬೆಳಿಗ್ಗೆ ಹತ್ತರಿಂದ ಶೂ ಹಾಕಿಕೊಂಡು ಕುರ್ಚಿಯ ತುದಿಯಲ್ಲಿ ಕೂತಿದ್ದಾಳೆ. ನಿಮಿಷಕ್ಕೊಮ್ಮೆ “ಹಡಗು ಬಂತಾ?” ಕುರಿ ಸಾರು ಎರಡು ಸಲ ಬಿಸಿ ಮಾಡಿದೆ. ಏನೂ ತೋಚದೆ ಇದನ್ನು ಬರೆಯುತ್ತಿದ್ದೇನೆ.

ಕಾರಿನ ಸದ್ದು.

ಅಮ್ಮ ನನಗಿಂತ ಮೊದಲೇ ಎದ್ದು ಬಾಗಿಲಿಗೆ ಹೋದಳು. ಮಗು ಅಳುತ್ತಿದೆ. ಜೋರಾಗಿ, ಬೀದಿಗೆಲ್ಲ ಕೇಳುವ ಹಾಗೆ. ಮೆಟ್ಟಿಲ ಮೇಲೆ ಮಾರ್ಕೆಲ್ಲಾ ‘ಸ್ತಮಾತಾ, ಸ್ತಮಾತಾ’ ಅನ್ನುತ್ತಾ ಬರುತ್ತಿದ್ದಾಳೆ. ಹೆಸರು ಹಿಡಿದು ಕರೆಯುತ್ತಿದ್ದಾಳೋ, ಅಳು ನಿಲ್ಲಿಸು ಅನ್ನುತ್ತಿದ್ದಾಳೋ, ಇಲ್ಲ ನನ್ನನ್ನೇ—