ಕರಟದ ಪಿಕ್

ಕಾರವಾರ
೨ ಮಾರ್ಚ್ ೨೦೨೫

ಪ್ರೀತಿಯ ಆಯಿಗೆ,

ದಿನಾ ಫೋನ್ ಮಾಡುವವಳು ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡ. ಸುದ್ದಿ ಒಳ್ಳೆಯದೇ. ಶಾಲೆಯಿಂದ ನಿನ್ನೆ ನೇಮಕದ ಪತ್ರ ಬಂತು. ಜೂನ್‌ನಿಂದ ನಿನ್ನ ಮಗಳು ಸಂಗೀತದ ಟೀಚರ್. ಫೋನಿನಲ್ಲಿ ಹೇಳಿದರೆ ಊಟ ಆಯಿತಾ ಎಂದು ನೀನು ಮಾತು ತಿರುಗಿಸುತ್ತೀಯ. ನನಗೆ ಪೂರ್ತಿ ಹೇಳಬೇಕಾಗಿದೆ.

ಜನವರಿಯಲ್ಲಿ ಸಂದರ್ಶನಕ್ಕೆ ಎಂಟು ದಿನ ಇರುವಾಗ ನನ್ನ ಬಲಗೈ ತೋರುಬೆರಳಿನ ಉಗುರು ಬುಡದವರೆಗೆ ಮುರಿಯಿತಲ್ಲ. ನೈಲಾನ್ ತಂತಿಯ ಗಿಟಾರ್ ನುಡಿಸುವವರಿಗೆ ಉಗುರೇ ಜೀವಾಳ. ಊರಿಗೆ, ಹಾರವಾಡಕ್ಕೆ ಬಂದಾಗಲೆಲ್ಲ ಅದರ ನೆಪ ಹೇಳಿ ಮೀನು ಮುಟ್ಟದೆ ರಾಣಿಯ ಹಾಗೆ ಕೂತಿರುತ್ತಿದ್ದೆ. ಆ ಸಲ ಮಾತ್ರ ನೀನು ಒತ್ತಾಯ ಮಾಡಿ ಬೆಳಚಿನ ಚಿಪ್ಪು ಬಿಡಿಸಿ ಮಾಂಸ ತೆಗೆಯಲು ಕೂರಿಸಿದೆ. ಮರುದಿನ ನಾನು ಇಲ್ಲಿಂದ ಫೋನ್ ಮಾಡಿ, ಅಲ್ಲಿ ಬಿರುಕು ಬಿಟ್ಟ ಉಗುರು ಇಲ್ಲಿ ಮುರಿಯಿತು, ನಿನ್ನಿಂದಲೇ ನನ್ನ ಕೆಲಸ ಹೋಯಿತು ಎಂದು ಕೂಗಾಡಿದೆ.

ಉಗುರಿನ ಬದಲು ತಂತಿ ಮೀಟಲು ಅಂಗಡಿಯಿಂದ ಪ್ಲಾಸ್ಟಿಕ್ ತುಂಡು, ಪಿಕ್ ಅನ್ನುತ್ತಾರೆ, ತಂದೆ. ನಾದಕ್ಕಿಂತ ಟಕಟಕ ಸದ್ದೇ ಜಾಸ್ತಿ. ನನಗೆ ಕಲಿಸುವ ಮಧುಕರ ಸರ್, ಪಿಕ್ ಏನಿದ್ದರೂ ಸ್ಟೀಲ್ ತಂತಿಗೆ, ಇದಕ್ಕಲ್ಲ, ಸಂದರ್ಶನ ಬಿಟ್ಟುಬಿಡು ಎಂದರು. ನಿನ್ನ ಹತ್ತಿರ ಹೇಳಿಕೊಂಡು ಅತ್ತಾಗ ನೀನು ಕೇಳಿದ್ದು ಒಂದೇ, ಆ ತುಂಡಿನ ಅಂಚು ಹೆಂಗದೆ ಅಂತ. ಚೂಪು ಎಂದೆ. "ಹಂಗಾರೆ ನೈಲಾನ್ ಕೇಳೂದಿಲ್ಲ ಮಗಾ. ಬಲೆ ಸೂಜಿನೂ ಹಂಗೇಯಾ, ನುಣ್ಣಗೆ ಮಾಡ್ದೆ ಇದ್ರೆ ದಾರ ಹಿಡೀತದೆ" ಎಂದು ನೀನು ಫೋನ್ ಇಟ್ಟುಬಿಟ್ಟೆ.

ಮೂರನೇ ದಿನ ಮೀನು ಮಾರಲು ಊರಿಂದ ಬಂದ ಕಾಶಿ ಅತ್ತೆ ನೀನು ಕಳಿಸಿದ ಒಣ ಸಿಗಡಿಯ ಪೊಟ್ಟಣ ಕೊಟ್ಟಳು. ಅದರೊಳಗೆ ಕರಟದ ಐದು ತುಂಡು. ಕಲ್ಲಿನ ಮೇಲೆ ಉಜ್ಜಿ ಅಂಚು ದುಂಡಗೆ ಮಾಡಿ, ಕೊಬ್ಬರಿ ಎಣ್ಣೆ ಹಚ್ಚಿದ್ದೆ ನೀನು. ಒಂದೊಂದು ಬಲೆಗೆ ಒಂದೊಂದು ಸೂಜಿ ಇಡುವ ಹಾಗೆ ಒಂದೊಂದೂ ಬೇರೆ ಬೇರೆ ದಪ್ಪ. ಮೂರನೆಯದು ನನ್ನ ಕೈಗೆ ಕೂತಿತು. ಹೆಬ್ಬೆರಳು, ತೋರುಬೆರಳಲ್ಲಿ ಅದನ್ನು ಹಿಡಿದು, ಪಕ್ಕದ ಎರಡು ಬೆರಳಿನ ಉಗುರು ಮೊದಲಿನಂತೆಯೇ ಬಳಸಿದೆ. ಸದ್ದು ಹೋಗಿ ನಾದ ಉಳಿಯಿತು.

ಸರ್ ಮೊದಲು ಅದನ್ನು ಮೂಸಿ ಮುಖ ಸಿಂಡರಿಸಿದರು. ನಾನು ನುಡಿಸಿ ಮುಗಿಸಿದ ಮೇಲೆ, ಇನ್ನೊಮ್ಮೆ ಎಂದರು. ಹೊರಡುವಾಗ ಉಳಿದ ನಾಲ್ಕರಲ್ಲಿ ಒಂದನ್ನು ನನ್ನನ್ನು ಕೇಳದೆಯೇ ಜೇಬಿಗೆ ಹಾಕಿಕೊಂಡರು.

ಸಂದರ್ಶನದಲ್ಲಿ ಶಾಲೆಯವರು ಅದೇನು ಎಂದು ಕೇಳಿದರು. ನಮ್ಮ ಆಯಿ ಮಾಡಿದ್ದು, ಅವಳು ಬಲೆ ಹೆಣೆಯುತ್ತಾಳೆ, ಮೀನು ಒಣಗಿಸುತ್ತಾಳೆ ಎಂದೆ. ಕಾರವಾರದಲ್ಲಿ ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ ನಾನು.

ಥ್ಯಾಂಕ್ಸ್ ಎಂದರೆ ಬೈಯುತ್ತೀಯ. ಬೈದುಕೋ. ಈ ಕೆಲಸ ನೀನು ಕೊಡಿಸಿದ್ದು ಆಯಿ.

ನಿನ್ನ
ಮಾನಸಾ

ತಾ.ಕ.: ಉಗುರು ನಿನ್ನ ಬೆಳಚಿನಿಂದ ಬಿರುಕು ಬಿಟ್ಟಿರಲಿಲ್ಲ. ಇಲ್ಲಿ ಗಿಟಾರ್ ಪೆಟ್ಟಿಗೆಯ ಮುಚ್ಚಳಕ್ಕೆ ನಾನೇ ಸಿಕ್ಕಿಸಿಕೊಂಡು ಮುರಿದೆ. ಸಿಟ್ಟಿನಲ್ಲಿ ತಪ್ಪನ್ನು ನಿನ್ನ ತಲೆಗೆ ಕಟ್ಟಿದೆ. ಅಂದಿನಿಂದ ನೀನು ಮನೆಗೆ ಬೆಳಚು ತರುವುದನ್ನೇ ಬಿಟ್ಟಿದ್ದೀಯ ಎಂದು ಕಾಶಿ ಅತ್ತೆ ಹೇಳಿದಳು. ಕ್ಷಮಿಸು. ಉಗುರು ಈಗ ಮತ್ತೆ ಬೆಳೆದಿದೆ. ಶನಿವಾರ ಕತ್ತರಿಸಿಕೊಂಡೇ ಬರುತ್ತೇನೆ. ಬೆಳಚು ತಂದಿಡು.