ಶನಿವಾರ ಹೂಡಿದ ಎತ್ತು

೬ ಫೆಬ್ರವರಿ ೧೯೧೧, ಉಗರಗೋಳ

ಶಾಲೆ ಬಿಟ್ಟ ಮೇಲೆ ಎಂದಿನಂತೆ ಮೂವರನ್ನು ಉಳಿಸಿಕೊಂಡೆ. ಬಾಯಿಲೆಕ್ಕ. ಇಬ್ಬರು ಹುಡುಗರು ಬೆರಳು ಮಡಿಸುತ್ತ ಕೂತರು, ಅಷ್ಟರಲ್ಲಿ ಕೃಷ್ಣವ್ವ ಉತ್ತರ ಹೇಳಿ ಕಿಟಕಿ ನೋಡುತ್ತಿದ್ದಳು. ಒಂಬತ್ತು ವರ್ಷದ ಪೋರಿ. ಪುಸ್ತಕದ ಲೆಕ್ಕವೆಲ್ಲ ತಿಂದು ಮುಗಿಸಿದ್ದಾಳೆ. ಈಗ ನಾನೇ ಕಟ್ಟಬೇಕು — ಬಾವಿ, ಬಂಡಿ, ಜೋಳದ ಹಗೇವು... ಮೊದಲು ಹೊಲ ಕಣ್ಣಮುಂದೆ ತಂದುಕೊಳ್ಳಿರಿ, ಆಮೇಲೆ ಗುಣಿಸಿರಿ ಎಂದು ಗಂಟಲು ಹರಿದುಕೊಳ್ಳುತ್ತೇನೆ. ಕೇಳುವವಳು ಅವಳೊಬ್ಬಳೇ.

೯ ಫೆಬ್ರವರಿ

ಅವಳಪ್ಪ ರಾಮಲಿಂಗಪ್ಪನ ಮನೆಗೆ ಹೋಗಿದ್ದೆ. ಕಟಕೋಳದವರು ಹುಡುಗಿಯನ್ನು ಮದುವೆಗೆ ಕೇಳಿದ್ದಾರಂತೆ. ಕೈಮುಗಿದೆ, ಬೈದೆ, ಮತ್ತೆ ಕೈಮುಗಿದೆ. ಕಡೆಗೆ ಇಷ್ಟು ಹೇಳಿದ: “ದಿಪೋಟಿ ಸಾಹೇಬ್ರ ಪರೀಕ್ಷಾದಾಗ ಪಾಸಾದ್ರ ಸವದತ್ತಿ ಸಾಲಿಗೆ ಕಳಸ್ತೇನ್ರಿ. ನಪಾಸಾದ್ರ ಕಟಕೋಳಕ್ಕ ಮಾತು ಕೊಡ್ತೇನಿ.”

ಶಾಲೆ ತಪಾಸಣೆ ಮಂಗಳವಾರ. ತಪಾಸಣೆಗೆ ಬರುವ ಡೆಪ್ಯುಟಿ ಇನ್ಸ್‌ಪೆಕ್ಟರ್ ಸಾಹೇಬರು ಹೊಸಬರು, ಪುಣೆ ಕಡೆಯವರು, ಸಿಡುಕರಂತೆ.

೧೪ ಫೆಬ್ರವರಿ, ಸಂಜೆ



ಸಾಹೇಬರು ಕೊಟ್ಟ ಲೆಕ್ಕಗಳನ್ನು ಕೃಷ್ಣವ್ವ ಪಟಪಟ ಬಿಡಿಸಿದಳು. ಕಡೆಯ ಲೆಕ್ಕ — ಒಂದು ಜೋಡಿ ಎತ್ತು ಹೊಲವನ್ನು ಆರು ದಿನದಲ್ಲಿ ಉಳುತ್ತವೆ. ಶನಿವಾರ ಎರಡು ಜೋಡಿ ಹೂಡಿದರೆ ಯಾವ ವಾರ ಮುಗಿಯುತ್ತದೆ? ಮೂರು ದಿನದ ಕೆಲಸ. ಪಾಟಿಯ ಮೇಲೆ ಮಂಗಳವಾರ ಎಂದು ಬರೆದಳು.

ತಪ್ಪು ಎಂದರು ಸಾಹೇಬರು. ಶನಿ, ರವಿ, ಸೋಮ.

“ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡೂದಿಲ್ರಿ,” ಎಂದಳು. “ಬಸವಣ್ಣನ ವಾರ.”

ಹಿಗ್ಗಿಬಿಟ್ಟೆ. ಸಾಹೇಬರು ಹುಬ್ಬು ಗಂಟಿಕ್ಕಿದರು. ಎದ್ದು ನಿಂತು ಹೇಳಿದೆ, ಇದು ಇಲ್ಲಿಯ ರೂಢಿ, ಯಾವ ರೈತನೂ ಮುರಿಯುವುದಿಲ್ಲ. ಲೆಕ್ಕದಲ್ಲಿ ರೂಢಿಗೆ ಜಾಗವಿಲ್ಲವಂತೆ. ಅಳಿಸಿ ಸೋಮವಾರ ಎಂದು ಬರೆದರೆ ಪಾಸು, ಇಲ್ಲವಾದರೆ ನಪಾಸು. ಬಾಗಿಲಲ್ಲಿ ರಾಮಲಿಂಗಪ್ಪ ನಿಂತಿದ್ದ. ಹುಟ್ಟಿದಾರಭ್ಯ ಸೋಮವಾರ ಎತ್ತು ಹೂಡಿದವನಲ್ಲ. ಆದರೂ ತುಟಿ ಬಿಚ್ಚಲಿಲ್ಲ.

ಹುಡುಗಿ ನನ್ನ ಕಡೆ ತಿರುಗಿದಳು.

“ಹೊಲದಾಗ ಹಂಗ ಆಗೂದಿಲ್ಲಲ್ರಿ ಮಾಸ್ತರ... ಬರೀಲೇನ್ರಿ?”

ಬರಿ ಎಂದೆ.

ಅಂಗೈಯಿಂದ ಒರೆಸಿ ಬರೆದಳು. ಪಾಸು.

೨೩ ಫೆಬ್ರವರಿ

ರಾಮಲಿಂಗಪ್ಪ ಮಾತಿಗೆ ತಪ್ಪಲಿಲ್ಲ. ಕಟಕೋಳದವರಿಗೆ ಇಲ್ಲವೆಂದು ಹೇಳಿ ಕಳಿಸಿದ. ಖುಷಿಯಾಗಬೇಕು. ಆಗಿದೆ. ಆದರೆ ಶಾಲೆ ಬಿಟ್ಟ ಮೇಲೆ ಕೃಷ್ಣವ್ವ ನಿಲ್ಲುತ್ತಿಲ್ಲ. ಮನೆಯಲ್ಲಿ ಕೆಲಸವಂತೆ. ದಿನಾಲೂ ಕೆಲಸವಂತೆ.

೪ ಮಾರ್ಚ್

ಬೆಳಿಗ್ಗೆ ನಮಸ್ಕಾರಕ್ಕೆ ಬಂದಳು. ಹೊರಗೆ ಸವದತ್ತಿಯ ಬಂಡಿ ನಿಂತಿತ್ತು. ದಾರಿಯಲ್ಲಿ ಬಿಡಿಸಲೆಂದು ಒಂದು ಲೆಕ್ಕ ಕಟ್ಟಿಟ್ಟಿದ್ದೆ. ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. ಕೊಂಕಿರಲಿಲ್ಲ, ಸಿಟ್ಟೂ ಇರಲಿಲ್ಲ. ತಿಳಿಯದ್ದನ್ನು ಕೇಳುವಂತೆಯೇ ಕೇಳಿದಳು:

“ಖರೇ ಉತ್ತರ ಹೇಳ್ಲೋ, ಪಾಸಾಗೂ ಉತ್ತರ ಹೇಳ್ಲೋರಿ?”